ಹಿತ್ತಲ ಹುಣಸೆಮರ ಮತ್ತು ಅಭಯದಾನ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ಬಗೆಯ ದಾನಗಳನ್ನು ನಮ್ಮ ಆಚಾರ್ಯರು ಗೃಹಸ್ಥನಿಗೆ ವಿಧಿಸಿದ್ದಾರೆ. ಇವುಗಳಲ್ಲಿ ಮೊದಲ ಮೂರನ್ನು ಮಾಡುವ ಬಗೆ ಎಲ್ಲರಿಗೂ ತಿಳಿದಿದೆ. ಅನ್ನಕ್ಕೆ ಪಾತ್ರೆಯಿದೆ, ಔಷಧಕ್ಕೆ ಅಂಗಡಿಯಿದೆ, ಶಾಸ್ತ್ರಕ್ಕೆ ಪುಸ್ತಕವಿದೆ. ಅಭಯವನ್ನು ಮಾತ್ರ ಅಳೆದು ಕೊಡಲು ಯಾವ ಮಾನವೂ ಇಲ್ಲ. ಅದಕ್ಕೆ ರಸೀದಿಯೂ ಇಲ್ಲ, ಫಲಕದಲ್ಲಿ ಬರೆಸುವ ಹೆಸರೂ ಇಲ್ಲ. ಆದುದರಿಂದಲೇ ಅದು ಹೆಚ್ಚು ಹೊಗಳಿಸಿಕೊಂಡು ಕಡಿಮೆ ಆಚರಿಸಲ್ಪಡುವ ದಾನವಾಗಿ ಉಳಿದಿದೆ. ಅಭಯದಾನವೆಂದರೆ ದಿನನಿತ್ಯದ ಬದುಕಿನಲ್ಲಿ ಏನು ಎಂಬುದನ್ನು ಮಂಡ್ಯ ಜಿಲ್ಲೆಯ ಗೆಜ್ಜಲಗೆರೆಯಲ್ಲಿ ಒಬ್ಬ ಶ್ರಾವಕರು ಕಲಿತ ರೀತಿ ಎಲ್ಲ ಕುಟುಂಬಗಳೂ ಯೋಚಿಸತಕ್ಕದ್ದಾಗಿದೆ.

ಗೆಜ್ಜಲಗೆರೆ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮದ್ದೂರಿಗೂ ಮಂಡ್ಯಕ್ಕೂ ನಡುವೆ ಇರುವ ಊರು. ಜಿಲ್ಲೆಯ ಹಾಲು ಒಕ್ಕೂಟದ ಡೇರಿ ಇರುವುದರಿಂದ ಅದರ ಹೆಸರು ಜಿಲ್ಲೆಯ ರೈತರಿಗೆಲ್ಲ ಪರಿಚಿತ. ಕಾವೇರಿಯ ನೀರು ಹರಿದು ಬಂದ ಮೇಲೆ ಮಂಡ್ಯದ ಈ ಭಾಗ ಭತ್ತಕ್ಕೂ ಕಬ್ಬಿಗೂ ಹೆಸರಾಯಿತು. ನೀರು ನಿಂತ ಗದ್ದೆಯಿದ್ದಲ್ಲಿ ಬೆಳ್ಳಕ್ಕಿಗಳಿರುತ್ತವೆ. ಉಳುವ ನೇಗಿಲಿನ ಹಿಂದೆಯೂ ಮೇಯುವ ದನಗಳ ಕಾಲ ಬಳಿಯೂ ಹುಳುಹುಪ್ಪಟೆಗಳನ್ನು ಹೆಕ್ಕುತ್ತ ನಡೆಯುವ ಈ ಬಿಳಿಯ ಹಕ್ಕಿಗಳಿಗೆ ಹಗಲಿನಲ್ಲಿ ಗದ್ದೆ ಸಾಕು. ಆದರೆ ಸಂತಾನಕ್ಕೆ ದೊಡ್ಡ ಮರ ಬೇಕು. ಹೆದ್ದಾರಿ ಕಾಲಕಾಲಕ್ಕೆ ಅಗಲವಾದಂತೆ ಅದರ ಇಕ್ಕೆಲದ ಸಾಲುಮರಗಳಲ್ಲಿ ಬಹುಪಾಲು ಉರುಳಿದವು. 2023ರ ಮಾರ್ಚ್ ತಿಂಗಳಲ್ಲಿ ಹೊಸ ಹೆದ್ದಾರಿಯ ಉದ್ಘಾಟನಾ ಸಮಾರಂಭ ಗೆಜ್ಜಲಗೆರೆಯ ಬಳಿಯೇ ನಡೆಯಿತು. ಪ್ರಯಾಣಿಕರಿಗೆ ಸಮಯ ಉಳಿಯಿತು. ನೆಲೆ ಕಳೆದುಕೊಂಡ ಹಕ್ಕಿಗಳು ಊರೊಳಗಿನ ಮರಗಳನ್ನು ಅರಸಬೇಕಾಯಿತು.

ಅಂಥ ಒಂದು ಮರ ಈ ಶ್ರಾವಕರ ಹಿತ್ತಲಿನ ಹುಣಸೆ. ಅವರು ನಿವೃತ್ತ ಶಾಲಾ ಉಪಾಧ್ಯಾಯರು. ಊರಿನವರಿಗೆ ‘ಮೇಷ್ಟ್ರು’. ರಾತ್ರಿ ಉಣ್ಣದವರು, ನೀರನ್ನು ಸೋಸದೆ ಕುಡಿಯದವರು, ಅಂಗಳದಲ್ಲಿ ದಿನವೂ ಒಂದು ಹಿಡಿ ಅಕ್ಕಿ ಚೆಲ್ಲಿ ಗುಬ್ಬಚ್ಚಿ, ಪಾರಿವಾಳಗಳು ತಿನ್ನುವುದನ್ನು ನೋಡಿ ಸಂತೋಷಪಡುವವರು. ತಮ್ಮ ಮನೆಯಲ್ಲಿ ಜೀವದಯೆಗೆ ಕೊರತೆಯಿಲ್ಲವೆಂಬ ಸಮಾಧಾನ ಅವರಿಗಿತ್ತು.

ಒಂದು ಮಳೆಗಾಲದ ಆರಂಭದಲ್ಲಿ ಆ ಹುಣಸೆಯ ಮೇಲೆ ನಾಲ್ಕಾರು ಬೆಳ್ಳಕ್ಕಿಗಳು ಕಡ್ಡಿ ತಂದಿಟ್ಟವು. ತಿಂಗಳೊಳಗೆ ಮರದ ತುಂಬ ಗೂಡುಗಳಾದವು. ಮೊದಲು ನೋಟವೇ ಹಬ್ಬವೆನಿಸಿತು. ಬರಬರುತ್ತ ಹಿಕ್ಕೆ, ವಾಸನೆ, ಬೆಳಗಿನ ಜಾವದಿಂದಲೇ ಕಚಪಚ ಸದ್ದು. ಪಕ್ಕದ ಮನೆಯ ಗೌಡರು ಒಂದು ದಿನ ಬೇಲಿಯ ಬಳಿ ನಿಂತು, “ಮೇಷ್ಟ್ರೇ, ಹಕ್ಕಿ ಬಂದ್ರೆ ಬರ್ಲಿ, ಬ್ಯಾಡ ಅನ್ನಕಿಲ್ಲ. ಆದ್ರೆ ನಮ್ ದನದ ಬಾನಿಗೇ ಬೀಳ್ತದಲ್ಲ, ಹೆಂಗೆ? ನಮ್ ಕಡೆ ಚಾಚಿರೋ ಕೊಂಬೆನಾದ್ರೂ ಸವರಿಸ್ಬಿಡಿ” ಎಂದರು. ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ನೆರೆಯವರೊಡನೆ ಮನಸ್ತಾಪ ಬೇಡವೆಂದು ಮೇಷ್ಟ್ರು ಮರುದಿನವೇ ಆಳನ್ನು ಕರೆಸಿದರು. ತಾವು ಬಸದಿಗೆ ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿದಿರಲೆಂದು ಹೇಳಿ ಹೊರಟರು.

ಅವರು ಹಿಂದಿರುಗಿದಾಗ ಕೊಂಬೆಗಳು ನೆಲದಲ್ಲಿದ್ದವು. ಕೊಂಬೆಗಳೊಡನೆ ಐದು ಗೂಡುಗಳೂ ಇದ್ದವು. ಒಡೆದ ಮೊಟ್ಟೆಗಳನ್ನು ಆಳು ಆಗಲೇ ಗುಡಿಸಿದ್ದ. ಬದುಕಿ ಉಳಿದದ್ದು ಒಂದೇ ಮರಿ. ಇನ್ನೂ ಗರಿ ಬಲಿಯದ, ಕುತ್ತಿಗೆ ಎತ್ತಿ ಬಾಯಿ ತೆರೆಯುತ್ತಿದ್ದ ಆ ಮರಿಯನ್ನು ಮೇಷ್ಟ್ರ ಪತ್ನಿ ಮೊರದಲ್ಲಿ ಹಳೆಯ ಬಟ್ಟೆ ಹಾಸಿ ಮಲಗಿಸಿದ್ದರು.

“ಏನೂಂದ್ರೆ, ಇದಕ್ಕೆ ಏನು ಕೊಡೋದು?” ಎಂದು ಅವರು ಕೇಳಿದ ಪ್ರಶ್ನೆಗೆ ಮೇಷ್ಟ್ರ ಬಳಿ ಉತ್ತರವಿರಲಿಲ್ಲ. ಹಾಲಿನಲ್ಲಿ ಕಲಸಿದ ಅನ್ನ ಕೊಟ್ಟರು. ನೆನೆಸಿದ ಬೇಳೆ ಕೊಟ್ಟರು. ಮರಿ ತಿನ್ನಲಿಲ್ಲ, ಒತ್ತಾಯದಿಂದ ಬಾಯಿಗಿಟ್ಟದ್ದು ಒಳಗೆ ನಿಲ್ಲಲಿಲ್ಲ. ಗೌಡರ ಮಗ ಬಂದು ನೋಡಿ, ಇದು ಮಿಡತೆ, ಕಪ್ಪೆ, ಮೀನು ತಿನ್ನುವ ಜಾತಿ, ಹೇಳಿದರೆ ಕೆರೆಯಿಂದ ಸಣ್ಣ ಮೀನು ತಂದುಕೊಡುತ್ತೇನೆ ಎಂದ. ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಈ ಮೂರೂ ಹಿಂಸೆಯಲ್ಲಿ ಸಮಾನವೆಂದು ಬಾಲ್ಯದಿಂದ ಕಲಿತ ಮನೆ ಅದು. ತನ್ನಿ ಎನ್ನಲು ಬಾಯಿ ಬರಲಿಲ್ಲ. ಬೇಡವೆನ್ನಲೂ ಬರಲಿಲ್ಲ. ಅವರು ಯೋಚಿಸುತ್ತಿದ್ದಂತೆಯೇ ಎರಡು ರಾತ್ರಿ ಕಳೆದವು. ಮೂರನೆಯ ಬೆಳಿಗ್ಗೆ ಮರಿ ಸತ್ತಿತ್ತು.

ಅಂದಿನಿಂದ ಮೇಷ್ಟ್ರಿಗೆ ಅಂಗಳದಲ್ಲಿ ಅಕ್ಕಿ ಚೆಲ್ಲುವಾಗಿನ ಸಂತೋಷ ಮೊದಲಿನಂತೆ ಉಳಿಯಲಿಲ್ಲ.

ಈ ಕಷ್ಟ ಅವರೊಬ್ಬರದೇ ಅಲ್ಲ. ದೆಹಲಿಯಲ್ಲಿ ಕೆಂಪುಕೋಟೆಯ ಎದುರಿಗಿರುವ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಪಕ್ಷಿಗಳ ಧರ್ಮಾರ್ಥ ಆಸ್ಪತ್ರೆಯೊಂದಿದೆ. 1929ರಲ್ಲಿ ಆರಂಭವಾದ ಈ ಸೇವೆ ಇಂದು ಜಗತ್ತಿಗೇ ಪರಿಚಿತ. ಅಲ್ಲಿ ಕಾಳು, ಹಣ್ಣು ತಿನ್ನುವ ಹಕ್ಕಿಗಳನ್ನು ಒಳರೋಗಿಗಳಾಗಿ ಇರಿಸಿಕೊಂಡು ಉಪಚರಿಸುತ್ತ ಬಂದಿದ್ದಾರೆ. ಹದ್ದು ಮುಂತಾದ ಮಾಂಸಾಹಾರಿ ಹಕ್ಕಿಗಳಿಗೆ ಹೊರರೋಗಿಗಳೆಂದು ಗಾಯಕ್ಕೆ ಮದ್ದು ಕಟ್ಟಿ ಕಳುಹಿಸುವ ಪದ್ಧತಿ ಬೆಳೆಯಿತು. ಒಂದು ಜೀವವನ್ನು ಉಳಿಸಲು ಇನ್ನೊಂದನ್ನು ಒಪ್ಪಿಸಬಹುದೇ ಎಂಬ ಪ್ರಶ್ನೆಯ ಮುಂದೆ ದೊಡ್ಡ ಸಂಸ್ಥೆಯೂ ಹೀಗೊಂದು ಗೆರೆ ಎಳೆದುಕೊಂಡೇ ನಡೆಯಬೇಕಾಯಿತು. ಹಳ್ಳಿಯ ಒಬ್ಬ ಗೃಹಸ್ಥರು ತಡವರಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಮಳೆಗಾಲ ಕಳೆದು ಚಳಿ ಇಳಿಯುವ ಹೊತ್ತಿಗೆ ಗೌಡರ ಮಗನೇ ಮೇಷ್ಟ್ರನ್ನು ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋದ. ಗೆಜ್ಜಲಗೆರೆಯಿಂದ ಹೆದ್ದಾರಿಯಲ್ಲಿ ಮದ್ದೂರನ್ನು ದಾಟಿ, ರುದ್ರಾಕ್ಷಿಪುರದ ಬಳಿ ಬಲಕ್ಕೆ ತಿರುಗಿ ಸುಮಾರು 12 ಕಿಲೋಮೀಟರು ಹೋದರೆ ಶಿಂಷಾ ನದಿಗೆ ಸಮೀಪದಲ್ಲಿ ಆ ಊರಿದೆ. ಅದೇ ಮದ್ದೂರು ತಾಲ್ಲೂಕಿನಲ್ಲಿ ಬಾಳು ಕಳೆದಿದ್ದರೂ ಮೇಷ್ಟ್ರು ಅದನ್ನು ನೋಡಿರಲಿಲ್ಲ.

ಅಲ್ಲಿ ಹಕ್ಕಿಗಳಿರುವುದು ಊರಾಚೆಯ ಕಾಡಿನಲ್ಲಲ್ಲ. ಬೀದಿಯ ಮೇಲೆ, ಮನೆಗಳ ಹಿತ್ತಲಲ್ಲಿ, ಕೊಟ್ಟಿಗೆಗಳ ನೆತ್ತಿಯ ಮೇಲೆ ಹರಡಿದ ಹುಣಸೆ, ಆಲ, ಅರಳಿ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಚಳಿಗಾಲದಲ್ಲಿ ಬಂದು, ಮೊಟ್ಟೆಯಿಟ್ಟು, ಮರಿ ದೊಡ್ಡದು ಮಾಡಿಕೊಂಡು, ಮಳೆಗಾಲ ಕಾಲಿಡುವ ವೇಳೆಗೆ ಹೊರಟುಹೋಗುತ್ತವೆ. ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬರುವಂತೆ ಇವು ಬರುತ್ತವೆಂಬುದು ಊರಿನವರ ಭಾವನೆ. ಹಿಂದೊಮ್ಮೆ ಪ್ಲೇಗಿನ ಕಾಲದಲ್ಲಿ ನದಿದಂಡೆಯ ಹಳೆಯ ಊರನ್ನು ಬಿಟ್ಟು ಜನ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. 1994ರಲ್ಲಿ ಊರಿನ ಯುವಕರು ಪಕ್ಷಿಪ್ರೇಮಿಗಳ ನೆರವಿನಿಂದ ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಿಕೊಂಡರು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಮೇಷ್ಟ್ರನ್ನು ತಡೆದು ನಿಲ್ಲಿಸಿದ್ದು ಈ ಇತಿಹಾಸವಲ್ಲ; ಇದರ ವೆಚ್ಚ. ಹಕ್ಕಿ ಕೂತ ಹುಣಸೆಯಿಂದ ಫಸಲು ಸರಿಯಾಗಿ ಕೈಗೆ ಬರುವುದಿಲ್ಲ. ಕಾಯಿ ಬಡಿಯಬೇಕಾದ ಕಾಲಕ್ಕೇ ಮರದ ಮೇಲೆ ಮರಿಗಳಿರುತ್ತವೆ. ಅರಣ್ಯ ಇಲಾಖೆ ಇದಕ್ಕಾಗಿ ಮರದ ಒಡೆಯರಿಗೆ ಪರಿಹಾರ ಕೊಡುವ ಕ್ರಮವನ್ನು ತಂದಿತು. ಆದರೆ ಹುಣಸೆಗೆ ಬೆಲೆ ಬಂದ ವರ್ಷ ಆ ಹಣ ನಷ್ಟಕ್ಕೆ ಸಮವಾಗುವುದು ಕಷ್ಟ. ಹಿಕ್ಕೆಯ ಘಾಟು ಮನೆಯೊಳಗೂ ಬರುತ್ತದೆ. ರೈತರು ಅದನ್ನೂ ವ್ಯರ್ಥ ಮಾಡಲಿಲ್ಲ. ಮರದಡಿ ಗುಂಡಿ ತೋಡಿ, ಬಿದ್ದ ಹಿಕ್ಕೆಯನ್ನು ಕೆರೆಗೋಡಿನೊಡನೆ ಬೆರೆಸಿ, ಹೊಲಕ್ಕೆ ಗೊಬ್ಬರ ಮಾಡಿಕೊಂಡರು. ಈ ಊರಿಗೂ ದುಃಖಗಳು ತಪ್ಪಿಲ್ಲ. ಎಷ್ಟೋ ಹಳೆಯ ಮರಗಳು ಇಲ್ಲವಾಗಿವೆ. 2017ರ ಕೊನೆಯಿಂದ 2018ರ ಆರಂಭದವರೆಗೆ ಹೊಟ್ಟೆಯ ಜಂತುಹುಳುವಿನ ಬಾಧೆಯಿಂದ ಹಲವು ಹೆಜ್ಜಾರ್ಲೆಗಳು ಸತ್ತವು. ಆದರೂ ಸಂಬಂಧ ಕಡಿಯಲಿಲ್ಲ.

ಗಾಳಿಗೆ ಗೂಡಿನಿಂದ ಬಿದ್ದ ಮರಿಗಳನ್ನು ಬಳಗದವರು ಆವರಣವೊಂದರಲ್ಲಿಟ್ಟು, ಮೀನು ತಂದು ತಿನ್ನಿಸಿ, ಹಾರುವಷ್ಟಾದಾಗ ಬಿಡುತ್ತಾರೆಂಬುದನ್ನೂ ಮೇಷ್ಟ್ರು ಕೇಳಿದರು. ಅವರು ಮೀನು ಉಣ್ಣುವ ಮನೆಗಳ ಮಕ್ಕಳು. ಅವರಿಗೆ ಅದು ಪ್ರಶ್ನೆಯೇ ಅಲ್ಲ. ಅಹಿಂಸೆಯ ಹೆಸರನ್ನು ದಿನವೂ ಹೇಳುವ ತಮ್ಮ ಹಿತ್ತಲಲ್ಲಿ ಮರಿ ಸತ್ತಿತು. ಆ ಹೆಸರನ್ನು ಹೇಳದ ಈ ಹಿತ್ತಲುಗಳಲ್ಲಿ ಸಾವಿರಾರು ಮರಿಗಳು ಬೆಳೆದುಹೋದವು. ಈ ಯೋಚನೆ ಮೇಷ್ಟ್ರನ್ನು ಮನೆಯವರೆಗೂ ಬಿಡಲಿಲ್ಲ.

ಕೆಲವು ದಿನಗಳ ನಂತರ ಅವರು ಸ್ವಾಧ್ಯಾಯಕ್ಕೆ ಹೋಗುತ್ತಿದ್ದ ಕಡೆ ಒಬ್ಬ ವೃದ್ಧ ಪಂಡಿತರ ಮುಂದೆ ಎಲ್ಲವನ್ನೂ ಹೇಳಿಕೊಂಡರು. “ಮೀನು ತರಿಸಬೇಕಾಗಿತ್ತೇ, ಬೇಡವಾಗಿತ್ತೇ? ಅಷ್ಟನ್ನು ಹೇಳಿ” ಎಂದರು.

ಪಂಡಿತರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಷ್ಟ್ರೇ, ನೀವು ಕೇಳುತ್ತಿರುವುದು ಎರಡನೆಯ ಪ್ರಶ್ನೆ. ಮೊದಲನೆಯದನ್ನು ಕೇಳಿಕೊಂಡಿರಾ? ಆ ಮರಿ ಕೆಳಗೆ ಬಿದ್ದದ್ದು ಏಕೆ?” ಎಂದರು.

ಮೇಷ್ಟ್ರು ತಲೆ ತಗ್ಗಿಸಿದರು. ಪಂಡಿತರು ಮುಂದುವರಿಸಿದರು: “ಪ್ರಮಾದದಿಂದ ಪ್ರಾಣಕ್ಕೆ ಹಾನಿ ಮಾಡುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಓದಿದ್ದೇವೆ. ಕೊಡಲಿ ಎತ್ತಿದವನು ಆಳು. ಮರದ ಮೇಲೆ ಏನಿದೆಯೆಂದು ಒಮ್ಮೆ ಕತ್ತೆತ್ತಿ ನೋಡದೆ ಹೊರಟುಬಿಟ್ಟದ್ದು ಯಾರು? ಎರಡು ತಿಂಗಳು ತಾಳಿದ್ದರೆ ಗೂಡುಗಳು ತಾವಾಗಿ ಬರಿದಾಗುತ್ತಿದ್ದವು. ಹಕ್ಕಿ ತನ್ನ ಮರಿಗೆ ಏನು ತಂದು ಕೊಡುತ್ತಿತ್ತೋ ಅದು ಅದರ ಕರ್ಮ, ಅದರ ಬದುಕು. ಅದರ ಲೆಕ್ಕ ನಿಮ್ಮ ಮನೆಗೆ ಬರುತ್ತಿರಲಿಲ್ಲ. ನೀವು ಕೊಂಬೆಯನ್ನು ಕಡಿಸಿ, ತಾಯಿಯ ಕೆಲಸವನ್ನು ನಿಮ್ಮ ಮೇಲೆ ಎಳೆದುಕೊಂಡಿರಿ. ಆಮೇಲೆ ಆ ಕೆಲಸ ನಮ್ಮ ವ್ರತಕ್ಕೆ ಹೊಂದುವುದಿಲ್ಲವೆಂದು ಕೈಕಟ್ಟಿ ಕುಳಿತಿರಿ.”

ಮಾತು ಕಠಿಣವಾಗಿತ್ತು. ಆದರೆ ಅದರಲ್ಲಿ ತಪ್ಪು ಹುಡುಕಲು ಮೇಷ್ಟ್ರಿಗೆ ಸಾಧ್ಯವಾಗಲಿಲ್ಲ. ಮೀನಿನ ಪ್ರಶ್ನೆಗೆ ಪಂಡಿತರು ಕೊನೆಗೂ ಉತ್ತರ ಹೇಳಲಿಲ್ಲ. ಗಾಳಿಮಳೆಗೆ ಬಿದ್ದ ಮರಿಯ ವಿಷಯದಲ್ಲಿ ಆ ಪ್ರಶ್ನೆ ಇಂದಿಗೂ ಕಷ್ಟದ್ದಾಗಿಯೇ ಉಳಿದಿದೆ. ಆದರೆ ನಮ್ಮ ಮುಂದೆ ಬರುವ ಇಂಥ ಕಷ್ಟದ ಪ್ರಶ್ನೆಗಳಲ್ಲಿ ಹೆಚ್ಚಿನವು ನಾವು ಹಿಂದೆ ಎಲ್ಲೋ ಸುಲಭದ ಪ್ರಶ್ನೆಯೊಂದನ್ನು ಕೇಳದೆ ಬಿಟ್ಟುದರಿಂದ ಹುಟ್ಟಿದವು ಎಂಬುದನ್ನು ಅವರು ಅಂದು ಅರಿತರು.

ಮುಂದಿನ ಮಳೆಗಾಲಕ್ಕೆ ಮೊದಲೇ ಮೇಷ್ಟ್ರು ಗೌಡರ ಮನೆಗೆ ಹೋದರು. ಬಾನಿಯ ಮೇಲೆ ತಮ್ಮ ಖರ್ಚಿನಲ್ಲಿ ತಗಡಿನ ಚಪ್ಪರ ಹಾಕಿಸುವುದಾಗಿಯೂ, ಮರದಡಿಯ ಗೊಬ್ಬರವೆಲ್ಲ ಗೌಡರ ಹೊಲಕ್ಕೇ ಎಂದೂ, ಇನ್ನು ಮುಂದೆ ಕೊಂಬೆ ಸವರುವುದಿದ್ದರೆ ಗೂಡುಗಳಿಲ್ಲದ ಬೇಸಿಗೆಯಲ್ಲಿ ತಾವೇ ನಿಂತು ಸವರಿಸುವುದಾಗಿಯೂ ಹೇಳಿದರು. ಗೌಡರು ನಕ್ಕು, “ನೀವು ಇಷ್ಟು ಹೇಳಿದ ಮ್ಯಾಕೆ ನಾ ಇನ್ನೇನ್ ಹೇಳ್ಲಿ ಮೇಷ್ಟ್ರೇ” ಎಂದರು. ಬೆಳ್ಳಕ್ಕಿಗಳು ಬಂದವು, ಹಿಂದಿನ ವರ್ಷಕ್ಕಿಂತ ಕಡಿಮೆ, ಆದರೂ ಬಂದವು. ಆ ವರ್ಷವೂ ಬಿರುಗಾಳಿಗೆ ಒಂದು ಮರಿ ಬಿದ್ದಿತು. ಗೌಡರ ಮಗ ಬಿದಿರಬುಟ್ಟಿಯೊಂದರಲ್ಲಿ ಕಡ್ಡಿ ಹಾಸಿ, ಮರಿಯನ್ನಿಟ್ಟು, ಏಣಿಯೇರಿ ಗೂಡಿನ ಬಳಿಯ ಕವಲಿಗೆ ಕಟ್ಟಿದ. ಎಲ್ಲರೂ ದೂರ ಸರಿದು ಕಾದರು. ಸಂಜೆಯ ಹೊತ್ತಿಗೆ ತಾಯಿಹಕ್ಕಿ ಬುಟ್ಟಿಯ ಅಂಚಿಗೆ ಬಂದು ಕುಳಿತಿತು. ಅದು ಏನು ತಂದಿತ್ತೆಂದು ಯಾರೂ ಕೇಳಲಿಲ್ಲ.

ಮೇಷ್ಟ್ರ ಹಿತ್ತಲಲ್ಲಿ ಈಗ ಇನ್ನೂ ಕೆಲವು ಬದಲಾವಣೆಗಳಾಗಿವೆ. ಒಂದು ಮೂಲೆಯಲ್ಲಿ ಅತ್ತಿಯ ಸಸಿ ನೆಟ್ಟಿದ್ದಾರೆ. ಆಲ, ಅರಳಿ, ಅತ್ತಿ, ಬಸರಿ ಮುಂತಾದ ಪಂಚೋದುಂಬರ ಫಲಗಳನ್ನು ತ್ಯಜಿಸಬೇಕೆಂಬುದು ಹಲವು ಆಚಾರ್ಯರು ಹೇಳಿದ ಮೂಲಗುಣ. ಅವುಗಳೊಳಗೆ ತ್ರಸಜೀವಿಗಳಿರುವುದೇ ಅದಕ್ಕೆ ಕಾರಣ. ಇಂದಿನ ವಿಜ್ಞಾನವೂ ಅದನ್ನೇ ಹೇಳುತ್ತದೆ. ಅತ್ತಿಯ ಹಣ್ಣೆಂದು ನಾವು ಕರೆಯುವುದು ಒಳಮುಖವಾಗಿ ಅರಳುವ ನೂರಾರು ಹೂಗಳ ಗೊಂಚಲು. ಅದರ ಪರಾಗಸ್ಪರ್ಶ ನಡೆಯುವುದು ಅದರೊಳಗೆ ಹೊಕ್ಕು ಮೊಟ್ಟೆಯಿಡುವ ಕಿರಿಯ ಕಣಜದಿಂದಲೇ. ಬೇರೆ ಮರಗಳು ಬರಿದಾಗಿರುವ ಕಾಲದಲ್ಲೂ ಈ ಜಾತಿಯ ಮರಗಳಲ್ಲಿ ಒಂದಲ್ಲ ಒಂದು ಹಣ್ಣು ಬಿಟ್ಟಿರುವುದರಿಂದ ಕುಟ್ರುಹಕ್ಕಿ, ಕೋಗಿಲೆ, ಪಿಕಳಾರ, ಗೊರವಂಕ, ಬಾವಲಿಗಳಿಗೆ ಅವೇ ಆಧಾರ. ಶ್ರಾವಕನು ಬಿಟ್ಟ ಹಣ್ಣು ಹಕ್ಕಿಗಳ ಪಾಲು. ತಾನು ಎಂದೂ ತಿನ್ನದ ಹಣ್ಣಿನ ಮರವನ್ನು ನೆಟ್ಟು ನೀರೆರೆಯುವುದರಲ್ಲಿ ಒಂದು ಶುದ್ಧವಾದ ಆನಂದವಿದೆಯೆಂದು ಮೇಷ್ಟ್ರು ಹೇಳುತ್ತಾರೆ.

ಬಸದಿಗಳ ಟ್ರಸ್ಟುಗಳೂ ಇದರಿಂದ ಕಲಿಯಬೇಕಾದುದುಂಟು. ಸ್ವಚ್ಛತೆಯ ಹೆಸರಿನಲ್ಲಿ ಆವರಣವನ್ನೆಲ್ಲ ಕಲ್ಲುಹಾಸಿನಿಂದ ಮುಚ್ಚುವ ಮೊದಲು ಮರದ ಬುಡದ ಸುತ್ತಲಾದರೂ ಮಣ್ಣನ್ನು ಬಿಡಬಹುದು. ಉದುರಿದೆಲೆಗಳ ರಾಶಿಗೆ ಬೆಂಕಿಯಿಟ್ಟಾಗ ಅದರೊಳಗಿನ ಎಷ್ಟು ಜೀವಗಳು ಸುಡುತ್ತವೆಂಬುದನ್ನು ನೆನೆದು, ಒಂದು ಮೂಲೆಯ ಗುಂಡಿಯಲ್ಲಿ ಅವನ್ನು ಗೊಬ್ಬರವಾಗಲು ಬಿಡಬಹುದು. ಹೂತೋಟಕ್ಕೆ ಕೀಟನಾಶಕ ಎರಚುವುದನ್ನು ನಿಲ್ಲಿಸಬಹುದು. ಬೇಸಿಗೆಯಲ್ಲಿ ಅಗಲವಾದ, ಆಳವಿಲ್ಲದ ಮಣ್ಣಿನ ಬಾನಿಯಲ್ಲಿ ನೀರಿಟ್ಟು, ಸೊಳ್ಳೆಮರಿಗಳು ಹುಟ್ಟದಂತೆ ದಿನವೂ ಅದನ್ನು ಬದಲಿಸಬಹುದು. ರಾಶಿರಾಶಿ ಕಾಳು ಚೆಲ್ಲಿದರೆ ಪಾರಿವಾಳಗಳೂ ಇಲಿಗಳೂ ಹೆಚ್ಚುತ್ತವೆಯೇ ಹೊರತು ಬಗೆಬಗೆಯ ಜೀವಿಗಳಿಗೆ ನೆಲೆಯಾಗುವುದಿಲ್ಲ. ಆ ಹಣದಲ್ಲಿ ಹೊಂಗೆ, ಬೇವು, ನೇರಳೆ, ಅತ್ತಿಗಳನ್ನು ನೆಡುವುದು ಮೇಲು. ಹಬ್ಬಕ್ಕೆ ಮುನ್ನ ಮರ ಸವರಿಸುವ ಪದ್ಧತಿಯಿದ್ದಲ್ಲಿ ಟ್ರಸ್ಟಿನ ಒಬ್ಬರಾದರೂ ಮರದಡಿ ನಿಂತು ಗೂಡುಗಳಿವೆಯೇ ಎಂದು ನೋಡಲಿ. ರಕ್ಷಿತ ಪಕ್ಷಿಗಳ ಗೂಡು, ಮೊಟ್ಟೆಗಳನ್ನು ನಾಶಮಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವೂ ಹೌದು. ಆದರೆ ಶ್ರಾವಕನಿಗೆ ಕಾಯ್ದೆಗಿಂತ ಮೊದಲು ವ್ರತವಿದೆ.

ಮಂಡ್ಯಕ್ಕೆ ದೂರವಲ್ಲದ ಶ್ರವಣಬೆಳಗೊಳದಲ್ಲಿ ಭಗವಾನ್ ಬಾಹುಬಲಿಯ ದರ್ಶನ ಮಾಡಿದವರೆಲ್ಲರೂ ಆ ಮೂರ್ತಿಯ ಕಾಲ ಬಳಿಯ ಹುತ್ತವನ್ನೂ, ತೋಳುಗಳನ್ನು ಸುತ್ತಿ ಏರಿದ ಬಳ್ಳಿಯನ್ನೂ ನೋಡಿದ್ದಾರೆ. ಅದನ್ನು ತಪಸ್ಸಿನ ತೀವ್ರತೆಯ ಗುರುತೆಂದು ಹೇಳುತ್ತೇವೆ. ಅದು ಅಭಯದ ಗುರುತೂ ಹೌದು. ಯಾರಿಂದ ತಮಗೆ ಕೇಡಿಲ್ಲವೆಂದು ಹಾವಿಗೂ ಇರುವೆಗೂ ಬಳ್ಳಿಗೂ ತಿಳಿಯಿತೋ ಅವರ ಮೈಯೇ ಅವುಗಳಿಗೆ ನೆಲೆಯಾಯಿತು. ಅಷ್ಟು ದೊಡ್ಡದು ಗೃಹಸ್ಥನಿಂದ ಆಗದು. ಆದರೆ ಹಿತ್ತಲಲ್ಲಿ ಒಂದು ಮರವನ್ನು ಬಿಡುವುದು, ಅದರ ಹಿಕ್ಕೆಯನ್ನೂ ಸದ್ದನ್ನೂ ಎರಡು ತಿಂಗಳು ಸಹಿಸುವುದು, ಅದಕ್ಕಾಗಿ ನೆರೆಯವನ ಬಾನಿಗೆ ಚಪ್ಪರ ಹಾಕಿಸುವುದು ಅವನಿಂದ ಆಗುತ್ತದೆ.

ಗೆಜ್ಜಲಗೆರೆಯ ಆ ಮನೆಯಲ್ಲಿ ಇಂದು ಯಾವ ಕೊಂಬೆಗೆ ಕತ್ತಿ ತಾಗಿಸಬೇಕಾದರೂ ಮೊದಲು ಮನೆಯವರೊಬ್ಬರು ಬಂದು ಕತ್ತೆತ್ತಿ ನೋಡುತ್ತಾರೆ. ಅಭಯದಾನ ಅಲ್ಲಿಂದ ಆರಂಭವಾಗುತ್ತದೆ.